ಮಗುವಿನ ಹೊಕ್ಕುಳು ಒಣಗದಿದ್ದರೆ

ಮಗುವಿನ ಹೊಕ್ಕುಳು ಉಬ್ಬಿದರೆ ಮನೆಮಂದಿಗೆಲ್ಲ ಗಾಬರಿ. ಅದೇ ಹೊಕ್ಕುಳು ಬಳ್ಳಿ ಬಿದ್ದು ವಾರಗಳಾದರೂ ಒದ್ದೆಯಾಗಿದ್ದರೆ "ಒಣಗುತ್ತೆ ಬಿಡಿ" ಎನ್ನುತ್ತಾರೆ. ಹೆಚ್ಚು ಗಮನ ಬೇಕಿರುವುದು ಈ ಒದ್ದೆಗೆ.

ಉಬ್ಬು ಸಾಮಾನ್ಯವಾಗಿ ಹರ್ನಿಯಾ, ಅಂದರೆ ಹೊಕ್ಕುಳಿನಲ್ಲಿ ಮುಚ್ಚದೆ ಉಳಿದ ಕಿಂಡಿಯಿಂದ ಒಳಗಿನದು ಹೊರಚಾಚುವುದು. ಹೆಚ್ಚಿನ ಮಕ್ಕಳಲ್ಲಿ ಕಿಂಡಿ 4–5 ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾಣ್ಯ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಿದರೆ ಎಳೆ ಚರ್ಮ ಹುಣ್ಣಾಗುತ್ತದೆ ಅಷ್ಟೇ. ದಯವಿಟ್ಟು ಕಟ್ಟಬೇಡಿ. ಉಬ್ಬು ಗಟ್ಟಿಯಾಗಿ, ಒತ್ತಿದರೂ ಒಳಹೋಗದೆ, ನೋವು, ವಾಂತಿ ಶುರುವಾದರೆ ಮಾತ್ರ ತಡಮಾಡಬಾರದು.

ಒದ್ದೆ ಯಾಕೆ? ಗರ್ಭದ ಮೊದಲ ವಾರಗಳಲ್ಲಿ ಹೊಕ್ಕುಳಲ್ಲಿ ರಕ್ತನಾಳಗಳ ಜೊತೆ ಇನ್ನೆರಡು ಕೊಳವೆಗಳಿರುತ್ತವೆ. ಒಂದು ಕರುಳಿನಿಂದ ಬಂದದ್ದು, ವಿಟೆಲೈನ್ ನಾಳ. ಇನ್ನೊಂದು ಮೂತ್ರಕೋಶದ ನೆತ್ತಿಯಿಂದ ಬಂದದ್ದು, ಯುರಾಕಸ್. ಆ ದಿನಗಳಲ್ಲಿ ಹೊಟ್ಟೆಯಲ್ಲಿ ಜಾಗ ಸಾಲದೆ ಕರುಳು ಬಳ್ಳಿಯೊಳಕ್ಕೇ ಬಂದು ಬೆಳೆಯುತ್ತದೆ! ಸುಮಾರು 10ನೇ ವಾರಕ್ಕೆ ಮತ್ತೆ ಒಳಗೆ ಹೋಗುತ್ತದೆ. ಈ ಓಡಾಟದಲ್ಲಿ ಒಟ್ಟು 270 ಡಿಗ್ರಿ ತಿರುಗುತ್ತದೆ. ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಹುಟ್ಟುವ ಮೊದಲೇ ಎರಡೂ ಕೊಳವೆ ಮುಚ್ಚಬೇಕು. ಕೆಲವೊಮ್ಮೆ ಪೂರ್ತಿ ಮುಚ್ಚುವುದಿಲ್ಲ. ಸುಮಾರು ನೂರರಲ್ಲಿ ಇಬ್ಬರಿಗೆ ಸಣ್ಣ ಕರುಳಿನ ಮೇಲೊಂದು ಪುಟ್ಟ ಚೀಲ ಉಳಿದಿರುತ್ತದೆ. ಅದು ವಿಟೆಲೈನ್ ನಾಳದ ಉಳಿಕೆ ಎಂದು 1809ರಲ್ಲಿ ವಿವರಿಸಿದವರು ಜರ್ಮನಿಯ ಯೋಹಾನ್ ಫ್ರೀಡ್ರಿಕ್ ಮೆಕೆಲ್. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ಹೊಕ್ಕುಳಿಂದ ಮಲ ಅಥವಾ ಗಾಳಿ ಬಂದರೆ ವಿಟೆಲೈನ್ ನಾಳ ತೆರೆದಿದೆ ಎಂದರ್ಥ. ಮೂತ್ರ ಜಿನುಗಿದರೆ ಯುರಾಕಸ್. ಬರೀ ಕೆಂಪು ಗಂಟಾದರೆ ಬಹುಪಾಲು ಗ್ರಾನುಲೋಮಾ, ಅಂದರೆ ಗಾಯ ಮಾಯುವಾಗ ಬೆಳೆದ ಹೆಚ್ಚುವರಿ ಮಾಂಸ; ಸಿಲ್ವರ್ ನೈಟ್ರೇಟ್ ಹಚ್ಚಿದರೆ ಒಣಗುತ್ತದೆ. ಎರಡು ಮೂರು ಸಲ ಹಚ್ಚಿದರೂ ಹೋಗದಿದ್ದರೆ ಅದು ಕರುಳಿನ ಒಳಪೊರೆಯೇ ಇರಬಹುದು. ಆಗ ಅಲ್ಟ್ರಾಸೌಂಡ್ ಮಾಡಿಸಬೇಕು. ರಂಧ್ರವಿದ್ದರೆ ಅದರೊಳಗೆ ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬಿಟ್ಟು ಎಕ್ಸ್‌ರೇ ತೆಗೆದರೆ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ.

ಯುರಾಕಸ್‌ನಲ್ಲಿ ಸೋಂಕಿಲ್ಲದಿದ್ದರೆ ಕೆಲವು ತಿಂಗಳು ಕಾದು ನೋಡುವುದುಂಟು, ಎಷ್ಟೋ ಎಳೆಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ತೆರೆದ ವಿಟೆಲೈನ್ ನಾಳಕ್ಕೆ ಕಾಯುವಂತಿಲ್ಲ, ಅದರೊಳಗಿಂದ ಕರುಳೇ ಮಗುಚಿ ಹೊರಬರಬಹುದು. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳಿನ ಕೆಳಮಡಿಕೆಯಲ್ಲೇ ಸಣ್ಣದಾಗಿ ಕೊಯ್ದು, ನಾಳವನ್ನು ಕರುಳಿನವರೆಗೂ ಬಿಡಿಸಿ ತೆಗೆದು, ಕರುಳಿಗೆ ಹೊಲಿಗೆ ಹಾಕುತ್ತಾರೆ. ಗಾಯದ ಗುರುತು ಮಡಿಕೆಯಲ್ಲೇ ಮರೆಯಾಗುತ್ತದೆ. ಮೇಲೆ ಕಂಡ ಗಂಟನ್ನಷ್ಟೇ ಕತ್ತರಿಸಿ ಸುಮ್ನೆ ಬಿಟ್ಟರೆ ಸಾಲದು. ಒಳಗೆ ನಾಳ ದಾರದಂತೆ ಉಳಿದಿದ್ದರೆ ಮುಂದೆ ಯಾವತ್ತಾದರೂ ಕರುಳು ಅದಕ್ಕೆ ಸುತ್ತಿಕೊಂಡು ರಕ್ತಸಂಚಾರವೇ ನಿಂತುಹೋಗಬಹುದು.