ರೊಸೆಟ್ಟಾ ಶಿಲೆ ಮತ್ತು ತಿರುಪತಿ ಬಸ್ಸಿನ ಬೋರ್ಡು

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತದ್ದು ನಮಗೆಲ್ಲ ಬಾಯಿಪಾಠ. ಅದಾದ ಎರಡು ತಿಂಗಳಿಗೆ, ಜುಲೈನಲ್ಲಿ, ಈಜಿಪ್ಟಿನ ರಶೀದ್ ಊರಿನ ಹತ್ತಿರ ಹಳೇ ಕೋಟೆ ರಿಪೇರಿ ಮಾಡುತ್ತಿದ್ದ ನೆಪೋಲಿಯನ್ನನ ಸೈನಿಕರಿಗೆ ರೊಸೆಟ್ಟಾ ಶಿಲೆ ಸಿಕ್ಕಿತು, ಈಜಿಪ್ಟಿನ ಹಳೇ ಚಿತ್ರಲಿಪಿಯನ್ನು ಓದಲು ದಾರಿ ತೋರಿದ ಕಲ್ಲು. ರಶೀದನ್ನು ಯುರೋಪಿನವರು ರೊಸೆಟ್ಟಾ ಎನ್ನುತ್ತಿದ್ದರು. ಎರಡನ್ನೂ ಗಂಟು ಹಾಕಿಟ್ಟುಕೊಂಡರೆ ಪರೀಕ್ಷೆಯಲ್ಲಿ ಇಸವಿ ತಪ್ಪುವುದಿಲ್ಲ.

ಕಲ್ಲಿನ ಒಕ್ಕಣೆ ಕ್ರಿ.ಪೂ. 196ರದು. ಹದಿಮೂರರ ಹುಡುಗ, ಈಜಿಪ್ಟಿನ ರಾಜ ಐದನೇ ಟಾಲೆಮಿಯನ್ನು ಪುರೋಹಿತರು ಹೊಗಳಿದ್ದಾರೆ, ದೇವಸ್ಥಾನಗಳಿಗೆ ಅವನು ಕೊಟ್ಟ ತೆರಿಗೆ ಮಾಫಿಯ ಮಾತಿದೆ. ನಮ್ಮ ದತ್ತಿ ಶಾಸನಗಳನ್ನು ಓದಿದವರಿಗೆ ಹೊಸದೇನಲ್ಲ. ಬೆಲೆ ಇರುವುದು ಒಂದೇ ಮಾತನ್ನು ಮೂರು ಸಲ ಕೆತ್ತಿರುವುದಕ್ಕೆ: ಮೇಲೆ ಚಿತ್ರಲಿಪಿ, ನಡುವೆ ಜನಬಳಕೆಯ ಡೆಮೋಟಿಕ್, ಕೆಳಗೆ ಗ್ರೀಕ್. ಗ್ರೀಕ್ ಓದಬಲ್ಲವರಿದ್ದರು, ಉಳಿದೆರಡನ್ನು ಓದುವವರು ಯಾರೂ ಉಳಿದಿರಲಿಲ್ಲ.

ಓದಿದ್ದು ಹೇಗೆ ಎಂಬುದು ನನಗೆ ಹೊಳೆದದ್ದು ಚಿಂತಾಮಣಿ ಬಸ್ ನಿಲ್ದಾಣದಲ್ಲಿ. ನಮ್ಮ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆ. ತೆಲುಗು ಬಾಯಲ್ಲಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಆಂಧ್ರದ ಬಸ್ಸು ಬಂದಾಗ ಕಂಡಕ್ಟರು ‘ತಿರುಪತಿ, ತಿರುಪತಿ’ ಎಂದು ಕೂಗುತ್ತಿದ್ದರು. ಬೋರ್ಡಿನಲ್ಲಿ ನಾಲ್ಕು ಅಕ್ಷರ, ಮೊದಲನೆಯದೂ ಕೊನೆಯದೂ ಒಂದೇ ಆಕಾರ. ಸರಿ, ಅದು ‘ತಿ’. ಮುಂದೆ ಕದಿರಿ ಬಸ್ಸು ಬಂದರೆ ಅದರ ಕೊನೆಯ ಅಕ್ಷರದಲ್ಲಿ ತಿರುಪತಿಯದೇ ‘ರ’. ಊರಿನ ಹೆಸರಿಗೆ ಅನುವಾದ ಇರುವುದಿಲ್ಲ, ಯಾವ ಲಿಪಿಯಲ್ಲಿ ಬರೆದರೂ ಸದ್ದು ಅದೇ. ಅಷ್ಟೇ ಗುಟ್ಟು.

ಚಿತ್ರಲಿಪಿಯಲ್ಲಿ ರಾಜರ ಹೆಸರಿನ ಸುತ್ತ ಉದ್ದನೆಯ ಉಂಗುರದಂಥ ಗೆರೆ ಇರುತ್ತದೆ, ಅದಕ್ಕೆ ಕಾರ್ಟೂಷ್ ಎನ್ನುತ್ತಾರೆ. ಶಿಲೆಯ ಉಂಗುರದಲ್ಲಿ ಟಾಲೆಮಿ ಇದ್ದಾನೆಂದು ಮೊದಲು ಗುರುತಿಸಿದವನು ಇಂಗ್ಲೆಂಡಿನ ಥಾಮಸ್ ಯಂಗ್. ಫ್ರಾನ್ಸಿನ ಶಾಂಪೋಲಿಯನ್‌ಗೆ ಇನ್ನೊಂದು ಉಂಗುರ ಸಿಕ್ಕಿದ್ದು ಫಿಲೇ ದ್ವೀಪದ ಕಂಬದ ನಕಲಿನಲ್ಲಿ: ಕ್ಲಿಯೋಪಾತ್ರ. (ಸೀಸರನ ಕ್ಲಿಯೋಪಾತ್ರ ಅಲ್ಲ, ಅವಳಿಗಿಂತ ಹಿಂದಿನವಳು.) ಈಗ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಟಾಲೆಮಿಯಲ್ಲಿ ಮೊದಲ ಚಿಹ್ನೆ ಚೌಕ, ನಾಲ್ಕನೆಯದು ಮಲಗಿದ ಸಿಂಹ. ಕ್ಲಿಯೋಪಾತ್ರದಲ್ಲಿ ಸಿಂಹ ಎರಡನೆಯದು, ಚೌಕ ಐದನೆಯದು. ಗ್ರೀಕಿನ ಪ್ಟೊಲೆಮಾಯೋಸ್, ಕ್ಲಿಯೋಪಾತ್ರ ಎರಡರಲ್ಲೂ ‘ಲ’ ಮತ್ತು ‘ಪ’ ಬರುವ ಜಾಗವೂ ಅದೇ! ‘ಟ’ ಮಾತ್ರ ಕೈಕೊಟ್ಟಿತು, ಎರಡರಲ್ಲಿ ಬೇರೆ ಬೇರೆ ಚಿಹ್ನೆ. ಒಂದೇ ಸದ್ದಿಗೆ ಎರಡು ಚಿಹ್ನೆ ಇರಬಹುದೆಂದು ಅವನು ಮುಂದೆ ನಡೆದ.

ಇವೆರಡೂ ಗ್ರೀಕ್ ಹೆಸರು. ಈಜಿಪ್ಟಿನದೇ ಹೆಸರಾದರೆ? ಮತ್ತೊಂದು ಉಂಗುರದಲ್ಲಿ ಸೂರ್ಯನ ಬಿಂಬ, ಗೊತ್ತಿಲ್ಲದ ಒಂದು ಚಿಹ್ನೆ, ಕೊನೆಗೆ ಎರಡು ‘ಸ’. ಇಲ್ಲಿ ಕೆಲಸಕ್ಕೆ ಬಂದದ್ದು ಕೋಪ್ಟಿಕ್, ಈಜಿಪ್ಟಿನ ಕ್ರೈಸ್ತರು ಪ್ರಾರ್ಥನೆಯಲ್ಲಿ ಉಳಿಸಿಕೊಂಡಿದ್ದ ಹಳೇ ಈಜಿಪ್ಟ್ ಭಾಷೆಯ ಕೊನೆಯ ರೂಪ. ಶಾಂಪೋಲಿಯನ್ ಅದನ್ನು ಹುಡುಗನಾಗಿದ್ದಾಗಿನಿಂದ ಅರೆದು ಕುಡಿದಿದ್ದ. ಅದರಲ್ಲಿ ಸೂರ್ಯನಿಗೆ ‘ರೇ’, ಹೆರುವುದಕ್ಕೆ ‘ಮಿಸೆ’. ರೇ, ಮಿಸ್, ಸ್, ಸ್: ರಾಮ್ಸೆಸ್. ನೀರಿನ ಟ್ಯಾಂಕಿನ ಮೇಲಿದ್ದ ತೆಲುಗನ್ನು ನಾನು ಮಂ, ಚಿ, ನೀ, ಳ್ಳು ಎಂದು ಬಿಡಿಸಿ ಓದಿ, ಅರೆ, ನಮ್ಮಜ್ಜಿ ದಿನಾ ಹೇಳುವ ‘ಮಂಚಿ ನೀಳ್ಳು’, ಕುಡಿಯುವ ನೀರು, ಅಂದುಕೊಂಡಂತೆ.

ಉತ್ತರ ಹೊಳೆದ ಖುಷಿಯಲ್ಲಿ ಶಾಂಪೋಲಿಯನ್ ಅಣ್ಣನ ಬಳಿ ಓಡಿಹೋಗಿ, ‘ಸಿಕ್ತು!’ ಎಂದು ಮೂರ್ಛೆ ಬಿದ್ದನಂತೆ. ಕಥೆ ಚೆನ್ನಾಗಿದೆ, ಅಂಕ ಬರುವುದಿಲ್ಲ. ಅಂಕ ಬರುವುದು ಲಿಪಿ ಬಿಡಿಸಿದ ಇಸವಿಗೆ, 1822ಕ್ಕೆ.

ನಮ್ಮ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಇಂಗ್ಲೆಂಡಿನ ಪ್ರಿನ್ಸೆಪ್ 1837ರಲ್ಲಿ ಬಿಡಿಸಿದ. ಅವನ ಸುಳಿವು ಹೆಸರಲ್ಲ, ಸಾಂಚಿಯ ಚಿಕ್ಕ ಶಾಸನಗಳ ತುದಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ‘ದಾನಂ’. ಹರಪ್ಪ ಮುದ್ರೆಗಳಿಗೆ ಎರಡು ಲಿಪಿಯ ಕಲ್ಲೂ ಇಲ್ಲ, ಹೆಸರು ಗೊತ್ತಿರುವ ಒಬ್ಬ ರಾಜನೂ ಇಲ್ಲ, ಅದಕ್ಕೇ ಅವನ್ನು ಇನ್ನೂ ಓದಲಾಗಿಲ್ಲ.

ಎಡವುವ ಜಾಗಗಳು: ಶಿಲೆ ಕಂಡುಹಿಡಿದವನು ಶಾಂಪೋಲಿಯನ್ ಅಲ್ಲ, ಆಗ ಅವನಿಗೆ ಎಂಟು ವರ್ಷ. ಹಳೇ ಗೈಡುಗಳಲ್ಲಿ ಕಲ್ಲಿನ ಜಾತಿ ಬಸಾಲ್ಟ್ ಎಂದಿದ್ದರೆ ಗ್ರಾನೊಡಯೊರೈಟ್ ಎಂದು ತಿದ್ದಿಕೊಳ್ಳಿ. ಸಿಕ್ಕಿದ್ದು ಫ್ರೆಂಚರಿಗಾದರೂ 1801ರಲ್ಲಿ ಅವರು ಸೋತು ಒಪ್ಪಿಸಿದ್ದರಿಂದ, 1802ರಿಂದ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.