ಕ್ಯಾನ್ಸರ್ ಮದ್ದು ಕೊಟ್ಟ ಘಟ್ಟದ ಮರ ಯಾಕೆ ಕಮ್ಮಿಯಾಯಿತು?

ಮಲೆನಾಡಿನ ಕಾಡಿನಲ್ಲಿ ಓಡಾಡಿದವರೂ ಈ ಮರವನ್ನು ಗಮನಿಸಿರುವುದು ಕಡಿಮೆ. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಮರ ಇದು. ಹೂ ಬಿಟ್ಟಾಗ ಕೆಟ್ಟ ವಾಸನೆ ಹೊಡೆಯುತ್ತದೆ, ಹಾಗಾಗಿ ದುರ್ವಾಸನೆ ಮರ ಅಂತಲೇ ಹೆಸರು. ಕೊಡ್ಸ ಅಂತಲೂ ಕರೆಯುತ್ತಾರೆ, ಮಹಾರಾಷ್ಟ್ರದಲ್ಲಿ ನರಕ್ಯಾ. ಸಸ್ಯಶಾಸ್ತ್ರದಲ್ಲಿ ನೊಥಾಪೊಡೈಟಿಸ್ ನಿಮ್ಮೋನಿಯಾನ. ಅಮೃತಬಳ್ಳಿ, ಒಂದೆಲಗದ ಹಾಗೆ ಮನೆಮಾತಾದ ಮೂಲಿಕೆಯಂತೂ ಅಲ್ಲ. ಆದರೆ ದೊಡ್ಡಕರುಳು, ಅಂಡಾಶಯ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಕೆಲವು ಔಷಧಿಗಳಿಗೆ ಬೇಕಾದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಇದರ ಕಾಂಡದಲ್ಲೂ ಬೇರಿನಲ್ಲೂ ಸಿಗುತ್ತದೆ.

ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು ಇಲ್ಲಲ್ಲ, ಚೀನಾ ಮೂಲದ ಕ್ಯಾಂಪ್ಟೊಥೀಕ ಅಕ್ಯುಮಿನೇಟ ಎಂಬ ಮರದಲ್ಲಿ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಮನ್ರೋ ವಾಲ್, ಕಾರ್ಟಿಸೋನ್ ತಯಾರಿಸಲು ಬೇಕಾದ ಸ್ಟೀರಾಯ್ಡುಗಳಿಗಾಗಿ ನೂರಾರು ಗಿಡಗಳನ್ನು ಜಾಲಾಡುತ್ತಿದ್ದರು. ಆ ಸಾರಗಳಲ್ಲಿ ಕೆಲವನ್ನು ಕ್ಯಾನ್ಸರ್ ಪರೀಕ್ಷೆಗೂ ಕಳಿಸಿದಾಗ ಈ ಮರದ ಸಾರ ಎದ್ದು ಕಂಡಿತು. ಮುಂದೆ ವಾಲ್ ನಾರ್ತ್ ಕ್ಯಾರೊಲಿನಾಕ್ಕೆ ಹೋದರು. ಅಲ್ಲಿ ಮಹಾರಾಷ್ಟ್ರದ ನಂದುರಬಾರ್ ಮೂಲದ ಮನ್ಸುಖ್ ವಾನಿ ಅವರ ಜೊತೆಯಾದರು. 1966ರಲ್ಲಿ ಇವರ ತಂಡ ಕ್ಯಾಂಪ್ಟೊಥೆಸಿನ್ನಿನ ರಚನೆಯನ್ನು ಪ್ರಕಟಿಸಿತು. ಐದು ವರ್ಷಗಳ ನಂತರ ಟ್ಯಾಕ್ಸಾಲ್ ಎಂಬ ಇನ್ನೊಂದು ಕ್ಯಾನ್ಸರ್ ಮದ್ದಿನ ರಚನೆಯನ್ನು ಬಿಡಿಸಿದ್ದೂ ಇವರೇ.

1970ರ ಆಸುಪಾಸಿನಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಕರಗುವ ಸೋಡಿಯಂ ಲವಣ ಮಾಡಿ ರಕ್ತನಾಳಕ್ಕೆ ಕೊಟ್ಟರು. ಎಡವಿದ್ದು ಅಲ್ಲೇ. ಈ ಅಣುವಿನ ಒಂದು ತುದಿಯಲ್ಲಿ ಲ್ಯಾಕ್ಟೋನ್ ಎಂಬ ಉಂಗುರ ಇದೆ. ಉಂಗುರ ಮುಚ್ಚಿದ್ದರೆ ಮಾತ್ರ ಅಣು ಚೆನ್ನಾಗಿ ಕೆಲಸ ಮಾಡುತ್ತದೆ. ಲವಣ ಮಾಡಿದಾಗ ಅದು ತೆರೆದುಕೊಳ್ಳುತ್ತದೆ, ಗಡ್ಡೆಯ ಮೇಲಿನ ಶಕ್ತಿಯೂ ಕುಂದುತ್ತದೆ. ಆದರೆ ಮೂತ್ರಕೋಶ ತಲುಪಿ ಆಮ್ಲೀಯ ಮೂತ್ರ ಸಿಕ್ಕಿತೋ, ಉಂಗುರ ಮತ್ತೆ ಮುಚ್ಚಿಕೊಳ್ಳುತ್ತದೆ! ಗಡ್ಡೆಯ ಮೇಲೆ ತೋರಬೇಕಿದ್ದ ಬಲವನ್ನು ಮೂತ್ರಕೋಶದ ಗೋಡೆಯ ಮೇಲೆ ತೋರಿಸಿತು. ರೋಗಿಗಳಿಗೆ ರಕ್ತಮೂತ್ರ, ವಿಪರೀತ ಭೇದಿ. ಪ್ರಯೋಗ ನಿಲ್ಲಿಸಿದರು.

ನಮ್ಮ ಮರ ಕತೆಯೊಳಗೆ ಬಂದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. 1972ರಲ್ಲಿ ರಸಾಯನಶಾಸ್ತ್ರಜ್ಞರಾದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್, ಆಗ ಮ್ಯಾಪಿಯ ಫೀಟಿಡ ಎಂದು ಕರೆಯುತ್ತಿದ್ದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇರುವುದನ್ನು ತೋರಿಸಿದರು. ಅದೂ ಅಲ್ಪಸ್ವಲ್ಪ ಅಲ್ಲ, ಚೀನಾದ ಮರಕ್ಕಿಂತ ಜಾಸ್ತಿ. ಆದರೆ ಮದ್ದೇ ಸೋತಿದ್ದರಿಂದ ಕೊಳ್ಳುವವರು ಇರಲಿಲ್ಲ. ಮರ ತನ್ನ ಪಾಡಿಗೆ ತಾನಿತ್ತು.

ಗಾಳಿ ತಿರುಗಿದ್ದು 1985ರಲ್ಲಿ. ಕ್ಯಾಂಪ್ಟೊಥೆಸಿನ್ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬುದು ಆಗ ತಿಳಿಯಿತು. ಜೀವಕೋಶ ತನ್ನ ಡಿಎನ್ಎ ನಕಲು ಮಾಡುವಾಗ ಅದು ಹೊಸೆದ ಹಗ್ಗದ ಹಾಗೆ ಬಿಗಿಯಾಗುತ್ತಾ ಹೋಗುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗದಲ್ಲೇ ಹೋಗಿ ಕೂತು ಜೋಡಣೆಯನ್ನು ತಡೆಯುತ್ತದೆ. ಬೇಗ ಬೇಗ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳಿಗೆ ಇದು ಮಾರಕ. ಗುಟ್ಟು ಗೊತ್ತಾದ ಮೇಲೆ, ನೀರಿನಲ್ಲಿ ಕರಗುವ ಹಾಗೆ ಅಣುವನ್ನು ತಿದ್ದುವ ಕೆಲಸಕ್ಕೆ ಬಲ ಬಂತು. ಜಪಾನಿನಲ್ಲಿ, ಹುಳಿ ಹಾಲಿನ ಪಾನೀಯಕ್ಕೆ ಹೆಸರಾದ ಯಾಕುಲ್ಟ್ ಕಂಪನಿಯ ಪಾಲಿದ್ದ, ಹೀಗೆ ತಿದ್ದಿದ ಮದ್ದು ಇರಿನೊಟೆಕಾನ್ 1994ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಅಮೆರಿಕದಲ್ಲಿ 1996ರಲ್ಲಿ ಇದೇ ಬಗೆಯ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಕೆಲವು ಸ್ತನ ಕ್ಯಾನ್ಸರುಗಳಿಗೆ ಈಚೆಗೆ ಬಂದಿರುವ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಮದ್ದು ಕ್ಯಾನ್ಸರ್ ಕೋಶಕ್ಕೆ ಹೊತ್ತೊಯ್ಯುವ ವಿಷವೂ ಇದೇ ಕುಟುಂಬದ್ದು.

ಮೂವತ್ತು ವರ್ಷದ ಈ ದುಡಿಮೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕಾಡಿನ ಮೂಲಿಕೆ, ಹಾಗಾಗಿ ಏನೂ ತೊಂದರೆ ಇಲ್ಲ ಎನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಈ ಮರದ ತೊಗಟೆ ಕುದಿಸಿ ಕುಡಿದರೆ ಕ್ಯಾನ್ಸರ್ ವಾಸಿಯಾಗುವುದಿಲ್ಲ, ಜೀವಕ್ಕೇ ಕುತ್ತು ಬರಬಹುದು. ಮರದೊಳಗಿನ ಈ ವಿಷ ನಮಗಾಗಿ ಇಟ್ಟದ್ದಲ್ಲ, ಮೇಯುವ ಜೀವಿಗಳಿಂದ ಮರವನ್ನು ಕಾಯುತ್ತದೆ ಎನ್ನುತ್ತಾರೆ ವಿಜ್ಞಾನಿಗಳು.

ಹಾಗಿದ್ದೂ ಇದರ ಎಲೆ ತಿಂದು ಬದುಕುವ ಪತಂಗದ ಹುಳುವೊಂದಿದೆ. ಬೆಂಗಳೂರಿನ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿದ್ದಾರೆ. ಹುಳು ವಿಷವನ್ನು ಒಡೆದು ಪಳಗಿಸಿದ ಗುರುತು ಸಿಗಲಿಲ್ಲ, ಬಹುಪಾಲು ಹಿಕ್ಕೆಯಲ್ಲೇ ಹೊರಗೆ ಹೋಗುತ್ತದೆ. ಹುಳುವಿನ ಕರುಳಿನ ಮುಂಭಾಗ ಕ್ಷಾರೀಯವಾಗಿರುವುದೂ ಅದನ್ನು ಕಾಪಾಡುತ್ತಿರಬಹುದು. ಯಾಕೆಂದರೆ ಕ್ಷಾರದಲ್ಲಿ ಲ್ಯಾಕ್ಟೋನ್ ಉಂಗುರ ತೆರೆದುಕೊಳ್ಳುತ್ತದೆ. 1970ರ ಪ್ರಯೋಗವನ್ನು ಕೆಡಿಸಿದ ಗುಣವೇ ಈ ಹುಳುವಿಗೆ ಊಟ ಕೊಟ್ಟಿದೆ ಅಂದರೆ ಎಂಥ ಸೋಜಿಗ, ಅಲ್ವಾ?

ಮದ್ದು ಗೆದ್ದ ಮೇಲೆ ಮರಕ್ಕೆ ಕಷ್ಟ ಶುರುವಾಯಿತು. ಕ್ಯಾಂಪ್ಟೊಥೆಸಿನ್ನನ್ನು ಪ್ರಯೋಗಾಲಯದಲ್ಲಿ ಪೂರ್ತಿ ತಯಾರಿಸುವ ದಾರಿ 1971ರಷ್ಟು ಹಿಂದೆಯೇ ಗೊತ್ತಿತ್ತು, ಆದರೆ ಗಿಡದಿಂದ ತೆಗೆಯುವುದೇ ಅಗ್ಗ. ಪಶ್ಚಿಮ ಘಟ್ಟದಲ್ಲಿ ಮರ ಕಡಿದು, ಚಕ್ಕೆ ಮಾಡಿ, ಒಣಗಿಸಿ ಸಾಗಿಸುವ ವ್ಯಾಪಾರ ಬೆಳೆಯಿತು. ಮಹಾರಾಷ್ಟ್ರದ ಭಾಗದಲ್ಲಿ ಹಾವಳಿ ಹೆಚ್ಚು, ಕರ್ನಾಟಕದ ಕಾಡೂ ತಪ್ಪಿಸಿಕೊಳ್ಳಲಿಲ್ಲ. ನೆಲಮಟ್ಟಕ್ಕಿಂತ ಮೇಲೆ ಕಡಿದರೆ ಬುಡದಿಂದ ಚಿಗುರು ಬರುತ್ತದೆ. ಬೇರಿನಲ್ಲೂ ಸರಕಿದೆ ಅಂತ ಕಿತ್ತರೆ ಅಲ್ಲಿಗೆ ಮುಗಿಯಿತು. ಕಡಿದ ಕೂಲಿಯವನಿಗೆ ಸಿಕ್ಕಿದ್ದು ದಿನಗೂಲಿ. ಆ ಚಕ್ಕೆ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ನನಗೆ ಅತ್ಯಂತ ನೋವಾಗುವುದು ಈ ಜಾಗದಲ್ಲಿ.

ಮರ ಕಡಿಯದೆ ಮದ್ದು ಪಡೆಯುವ ಆಸೆಯೂ ಒಮ್ಮೆ ಚಿಗುರಿತ್ತು. ಮರದ ಒಳತೊಗಟೆಯಲ್ಲಿ ವಾಸಿಸುವ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ವರದಿ ಮಾಡಿದರು. ತೊಟ್ಟಿಯಲ್ಲಿ ಶಿಲೀಂಧ್ರ ಬೆಳೆಸಿದರೆ ಸಾಕಲ್ಲ! ಆದರೆ ಬೆಂಗಳೂರಿನ ತಂಡ ಇಂಥ ಶಿಲೀಂಧ್ರಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ ನೋಡಿದಾಗ, ತಯಾರಿಕೆ ಇಳಿಯುತ್ತಾ ಹೋಯಿತು. ಮರದಿಂದ ಬೇರೆಯಾದ ಮೇಲೆ ಅದಕ್ಕೆ ಆ ಕಸುಬು ಉಳಿಯುವುದಿಲ್ಲ.

ಉಳಿದದ್ದು ಬೆಳೆಸುವ ದಾರಿ. ಎಲ್ಲ ಮರಗಳಲ್ಲೂ ಕ್ಯಾಂಪ್ಟೊಥೆಸಿನ್ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಹೆಚ್ಚಿರುವ ಮರಗಳನ್ನು ಹುಡುಕಿ ಸಸಿ ಮಾಡಬಹುದು. ಅದಕ್ಕೆ ಕಾಡಿನಲ್ಲಿ ತರಹೇವಾರಿ ತಾಯಿಮರಗಳು ಉಳಿದಿರಲೇಬೇಕು. ಇನ್ನು ಕಾನೂನು. 2002ರ ಜೀವವೈವಿಧ್ಯ ಕಾಯ್ದೆ, ಇಂಥ ಸಂಪತ್ತಿನ ಲಾಭದಲ್ಲಿ ಊರಿನವರಿಗೂ ಪಾಲು ಸಿಗಬೇಕು ಎನ್ನುತ್ತದೆ. 2023ರ ತಿದ್ದುಪಡಿ ಬೆಳೆಸಿದ ಔಷಧಿ ಗಿಡಗಳಿಗೆ ವಿನಾಯಿತಿ ಕೊಟ್ಟಿತು. ಬೆಳೆಗಾರನಿಗೆ ಇದು ಒಳ್ಳೆಯದೇ. ಆದರೆ ಚಕ್ಕೆಯಾದ ಮೇಲೆ ತೋಟದ್ದು ಯಾವುದು, ಕಾಡಿನದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಎಲ್ಲವೂ ನಿಂತಿರುವುದು ಇದು ಬೆಳೆಸಿದ್ದೇ ಎಂದು ಹೇಳುವ ಮೂಲದ ಪ್ರಮಾಣಪತ್ರದ ಮೇಲೆ, ಅದನ್ನು ನೋಡಿಕೊಳ್ಳಬೇಕಾದ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೇಲೆ. ನಿಮ್ಮ ಪಂಚಾಯಿತಿಯಲ್ಲಿ ಆ ಸಮಿತಿ ಸಭೆ ಸೇರುತ್ತದೆಯಾ, ದುರ್ವಾಸನೆ ಮರ ಅದರ ದಾಖಲೆಯಲ್ಲಿ ಇದೆಯಾ ಎಂದು ಒಮ್ಮೆ ಹೋಗಿ ಕೇಳಿ.