ಆಲೂಗಡ್ಡೆ ಬೇಗ ಮೊಳೆಯುತ್ತಿದೆ, ಫ್ರಿಜ್‌ನಲ್ಲಿ ಇಡಬಹುದಾ?

ಪ್ರಶ್ನೆ: ನಮ್ಮದು ದಾವಣಗೆರೆ. ಅಗ್ಗಕ್ಕೆ ಸಿಕ್ಕಿತು ಅಂತ 5 ಕೆಜಿ ಆಲೂಗಡ್ಡೆ ತಂದರೆ ಬೇಗ ಮೊಳಕೆ ಬರುತ್ತೆ, ಕೆಲವು ಹಸಿರಾಗುತ್ತವೆ. ಈರುಳ್ಳಿ ಬುಟ್ಟಿಯಲ್ಲೇ ಇಡ್ತೀವಿ. ಫ್ರಿಜ್‌ನಲ್ಲಿ ಇಟ್ಟರೆ ಬಾಳಿಕೆ ಬರುತ್ತಾ?

ಉತ್ತರ: ಬಾಳಿಕೆಯೇನೋ ಬರುತ್ತದೆ, ರುಚಿ ಕೆಡುತ್ತದೆ. ಫ್ರಿಜ್ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ. ಅಷ್ಟು ಚಳಿಗೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಬೆಣ್ಣೆದೋಸೆ ಜೊತೆಗಿನ ಪಲ್ಯ ತಿಂದು ಬೆಳೆದ ನಾಲಿಗೆಗೆ ಆ ಸಿಹಿ ತಕ್ಷಣ ಗೊತ್ತಾಗುತ್ತದೆ. ಚಿಪ್ಸ್ ಕರಿದರೆ ಬೇಗ ಕಪ್ಪಾಗುತ್ತದೆ, ಜೊತೆಗೆ ಅಕ್ರಿಲಮೈಡ್ ಎಂಬ ಒಳ್ಳೆಯದಲ್ಲದ ರಾಸಾಯನಿಕವೂ ಜಾಸ್ತಿ ಹುಟ್ಟುತ್ತದೆ. ಈಗಾಗಲೇ ಫ್ರಿಜ್‌ನಲ್ಲಿ ಇಟ್ಟಿದ್ದರೆ ಬೇಯಿಸಿ ಹುಳಿಗೆ ಹಾಕಿ, ಕರಿಯಬೇಡಿ.

ಆಲೂಗಡ್ಡೆಗೆ ಹಿತವಾದದ್ದು 7ರಿಂದ 10 ಡಿಗ್ರಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಮಧ್ಯಾಹ್ನ 38 ಮುಟ್ಟುವ ದಿನಗಳಿವೆ, ಅಲ್ವಾ? ಆ ತಂಪು ಮನೆಯಲ್ಲಿ ಸಿಗುವುದಿಲ್ಲ. ಆದರೆ ಕತ್ತಲು, ಗಾಳಿ ಎರಡನ್ನೂ ನಾವು ಕೊಡಬಹುದು. ಬಿಸಿಲು ತಾಗದ ಗೋಡೆಯ ಪಕ್ಕ ಎರಡು ಇಟ್ಟಿಗೆಯ ಮೇಲೆ ಹಲಗೆ ಹಾಕಿ, ಅದರ ಮೇಲೆ ಗೋಣಿಚೀಲ ಅಥವಾ ಬಿದಿರಿನ ಬುಟ್ಟಿ ಇಡಿ. ಮೇಲೆ ಹಳೇ ಹತ್ತಿ ಬಟ್ಟೆ ಹೊದಿಸಿ. ಅಟ್ಟ ಬೇಡ, ತಾರಸಿಯ ಕಾವೆಲ್ಲ ಅಲ್ಲೇ ಇಳಿಯುತ್ತದೆ. ಒಲೆ ಪಕ್ಕವೂ ಬೇಡ. ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ. ಕಿತ್ತ ಮೇಲೂ ಗಡ್ಡೆ ಉಸಿರಾಡುತ್ತಿರುತ್ತದೆ. ಗಂಟು ಕಟ್ಟಿದ ಕವರ್ ಬಿಚ್ಚಿ ನೋಡಿ, ಒಳಗೋಡೆಗೆ ನೀರಿನ ಹನಿ ಕೂತಿರುತ್ತದೆ. ಕೊಳೆ ಶುರುವಾಗುವುದು ಅಲ್ಲಿಂದಲೇ. ಅದಕ್ಕೇ ತೊಳೆದು ಇಡಲೂ ಬಾರದು, ಮಣ್ಣಿದ್ದರೆ ಇರಲಿ.

ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಬೆಳೆಯುವವರ ಮನೆಗಳಲ್ಲಿ ಎರಡನ್ನೂ ಒಟ್ಟಿಗೆ ಸುರಿಯುವುದು ಸಾಮಾನ್ಯ. ಬೇರೆ ಮಾಡಿ. ಈರುಳ್ಳಿಗೆ ಒಣ ಜಾಗ ಬೇಕು, ಆಲೂಗಡ್ಡೆಗೆ ಒಂಚೂರು ತೇವ ಇದ್ದರೆ ಒಳ್ಳೆಯದು. ಒಂದು ಕೊಳೆತರೆ ಇನ್ನೊಂದನ್ನೂ ಕೆಡಿಸುತ್ತದೆ.

ಮೊಳಕೆಗೆ ನಿಮ್ಮ ಮನೆ ಮಾತ್ರ ಕಾರಣವಲ್ಲ. ಹೊಸದಾಗಿ ಕಿತ್ತ ಗಡ್ಡೆಗೆ ಕೆಲವು ವಾರ ನಿದ್ದೆ ಇರುತ್ತದೆ, ಆಗ ಮೊಳೆಯುವುದಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಬಂದದ್ದಕ್ಕೆ ಆ ನಿದ್ದೆ ಮುಗಿದಿರುತ್ತದೆ. ಹೊರಗಿನ ಸೆಕೆ ತಾಗಿದ ಕೂಡಲೇ ಕಣ್ಣು ಬಿಡುತ್ತದೆ. ಹಾಸನದ ಮಳೆಗಾಲದ ಬೆಳೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ, ಆಗ ಹೊಸ ಗಡ್ಡೆ ಸಿಗುತ್ತದೆ. ಆದರೂ ಹೆಬ್ಬೆರಳಿನಿಂದ ಉಜ್ಜಿ ನೋಡಿ ಆರಿಸಿ. ಸಿಪ್ಪೆ ಸುಲಿದು ಬಂದರೆ ಅದು ಎಳೆಯದು, ಆ ವಾರವೇ ಬಳಸಿ. ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೂಡಿಡಲು ಆಗುತ್ತದೆ. ಗುದ್ದಲಿ ಏಟು ಬಿದ್ದದ್ದು ಬೇಡ.

ಹಸಿರಾದದ್ದರ ಬಗ್ಗೆ ದಯವಿಟ್ಟು ಉದಾಸೀನ ಮಾಡಬೇಡಿ. ಹಸಿರು ಬಣ್ಣ ಎಲೆಯಲ್ಲಿರುವ ಹರಿತ್ತು, ಅದರಿಂದ ಏನೂ ಆಗದು. ಆದರೆ ಬೆಳಕು ಬಿದ್ದಾಗ ಅದರ ಜೊತೆಗೇ ಸೊಲನೈನ್ ಎಂಬ ವಿಷವೂ ಹೆಚ್ಚುತ್ತದೆ. ಕುದಿಸಿದರೂ ಹೋಗುವುದಿಲ್ಲ. ಜಾಸ್ತಿಯಾದರೆ ವಾಂತಿ, ಹೊಟ್ಟೆನೋವು, ಭೇದಿ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ದಿನಗಟ್ಟಲೆ ಇದ್ದರೂ ಹಸಿರಾಗುತ್ತದೆ. ಸಣ್ಣ ಕಲೆಯಾದರೆ ಸುತ್ತಲಿನ ತಿರುಳು ಸೇರಿಸಿ ದಪ್ಪಗೆ ಕೆತ್ತಿ ತೆಗೆಯಿರಿ. ಅರ್ಧ ಗಡ್ಡೆ ಹಸಿರಾಗಿದ್ದರೆ, ಕಹಿ ಹೊಡೆದರೆ ಎಸೆಯಿರಿ, ಮಕ್ಕಳಿಗಂತೂ ಕೊಡಲೇಬೇಡಿ. ಮೊಳಕೆ ಚಿಕ್ಕದಿದ್ದು ಗಡ್ಡೆ ಗಟ್ಟಿಯಿದ್ದರೆ ಕಣ್ಣು ಆಳವಾಗಿ ಕಿತ್ತು ಬಳಸಬಹುದು. ಸುಕ್ಕುಗಟ್ಟಿದ್ದರೆ ಬೇಡ.

ಇಷ್ಟೆಲ್ಲ ಮಾಡಿದರೂ ಮಾರ್ಚ್‌ನಿಂದ ಮೇ ತನಕ 5 ಕೆಜಿ ತರಬೇಡಿ. ವಾರಕ್ಕೆ ಆಗುವಷ್ಟೇ ತನ್ನಿ. ಚಳಿಗಾಲದಲ್ಲಿ ಬೇಕಾದರೆ ಹೆಚ್ಚು ತನ್ನಿ, ವಾರಕ್ಕೆರಡು ಸಲ ಕೈಯಾಡಿಸಿ ಮೆತ್ತಗಾದದ್ದನ್ನು ಆರಿಸಿ ತೆಗೆಯಿರಿ.